ಟೆಸ್ಟ್‌ನಲ್ಲಿ ಪಾಸ್, ವಾರ್ಡಿನಲ್ಲಿ ಭಯ: ನರ್ಸಿಂಗ್ ಮಕ್ಕಳಿಗೆ ಎಚ್‌ಐವಿ ಬಗ್ಗೆ ಏನು ಕಲಿಸಬೇಕು?

ಪ್ರಶ್ನೆ: ನಾನು ಉತ್ತರ ಕರ್ನಾಟಕದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಟ್ಯೂಟರ್. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಎರಡನೇ ವರ್ಷದ ಮಕ್ಕಳಿಗೆ ಪೋಸ್ಟಿಂಗ್‌ಗೆ ಮೊದಲು ಎಚ್‌ಐವಿ ಪಾಠ ಮಾಡಿ ಟೆಸ್ಟ್ ಕೊಟ್ಟೆ. ಎಲ್ಲರೂ ಚೆನ್ನಾಗಿ ಬರೆದರು. ಆದರೆ ವಾರ್ಡಿನಲ್ಲಿ ಒಬ್ಬ ರೋಗಿ 'ರೆಟ್ರೋ', ಅಂದರೆ ಎಚ್‌ಐವಿ ಇರುವವನು, ಎಂದು ಗೊತ್ತಾದ ಕೂಡಲೇ ಬಿಪಿ ನೋಡೋಕೂ ಯಾರೂ ಹತ್ತಿರ ಹೋಗಲಿಲ್ಲ. ಕೊನೆಗೆ ಹೋದವಳು ಎರಡು ಜೊತೆ ಗ್ಲೌಸ್ ಹಾಕಿಕೊಂಡಿದ್ದಳು. ಇನ್ನೊಬ್ಬಳು ಬೇರೆ ಯಾವುದೋ ರೋಗಿಯ ಸೂಜಿ ಚುಚ್ಚಿಸಿಕೊಂಡು ಎರಡು ದಿನ ಯಾರಿಗೂ ಹೇಳಿಲ್ಲ. ನನ್ನ ಪಾಠದಲ್ಲಿ ಏನು ಕೊರತೆ? ಎಲ್ಲ ಮಕ್ಕಳಿಗೂ ಎಚ್‌ಐವಿ ಟೆಸ್ಟ್ ಮಾಡಿಸಿಬಿಡೋಣ ಅಂತ ಮ್ಯಾನೇಜ್‌ಮೆಂಟ್ ಹೇಳುತ್ತಿದೆ, ಅದು ಸರಿಯಾ?

ಉತ್ತರ: ಮೇಡಂ, ಪಾಠದ ವಿಷಯ ಆಮೇಲೆ. ಮೊದಲು ಆ ಹುಡುಗಿ.

ಸೂಜಿ ಚುಚ್ಚಿ ಎಷ್ಟು ಗಂಟೆಯಾಗಿದೆ ಎನ್ನುವುದೇ ಇಲ್ಲಿ ಮುಖ್ಯ. ಎಚ್‌ಐವಿ ಹತ್ತದಂತೆ ತಡೆಯುವ ಮಾತ್ರೆಗಳನ್ನು, ಅಂದರೆ ಪೆಪ್ ಅನ್ನು, ಸಾಧ್ಯವಾದರೆ ಎರಡು ಗಂಟೆಯೊಳಗೆ ಶುರು ಮಾಡಬೇಕು. ಎಷ್ಟೇ ತಡವಾದರೂ 72 ಗಂಟೆ ದಾಟಬಾರದು. ಅವಳು ಎರಡು ದಿನದ ನಂತರ ಬಾಯಿಬಿಟ್ಟಳು ಅಂದರೆ ನಿಮಗೆ ಗೊತ್ತಾದಾಗ ಇನ್ನೂ ಸುಮಾರು ಒಂದು ದಿನ ಕೈಯಲ್ಲಿತ್ತು. ಆಗಲೇ ಶುರು ಮಾಡಿಸಿದ್ದರೆ 28 ದಿನ ಪೂರ್ತಿ ಮುಗಿಸಲಿ. ನಾಲ್ಕು ದಿನ ನುಂಗಿ ಹೊಟ್ಟೆ ತೊಳಸುತ್ತದೆ ಅಂತ ಬಿಡುವವರು ಬಹಳ, ಅದಕ್ಕೇ ಹೇಳುತ್ತಿದ್ದೇನೆ. ಈಗ ಸಾಮಾನ್ಯವಾಗಿ ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡಾಲುಟೆಗ್ರಾವಿರ್ ಮೂರೂ ಸೇರಿದ ದಿನಕ್ಕೊಂದು ಮಾತ್ರೆ. ಹಳೆಯ ಔಷಧಿಗಳಷ್ಟು ಕಾಟ ಇಲ್ಲ. ಒಂದು ಸಣ್ಣ ವಿಷಯ: ಹಾಸ್ಟೆಲ್ ಹುಡುಗಿಯರಲ್ಲಿ ಎಷ್ಟೋ ಮಂದಿ ಕಬ್ಬಿಣದ ಮಾತ್ರೆಯನ್ನೋ ಕ್ಯಾಲ್ಸಿಯಂ ಅನ್ನೋ ತೆಗೆದುಕೊಳ್ಳುತ್ತಿರುತ್ತಾರೆ. ಖಾಲಿ ಹೊಟ್ಟೆಯಲ್ಲಿ ಅವುಗಳ ಜೊತೆಗೇ ನುಂಗಿದರೆ ಡಾಲುಟೆಗ್ರಾವಿರ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಪೆಪ್ ಮಾತ್ರೆ ಎರಡು ಗಂಟೆ ಮೊದಲಿರಲಿ, ಇಲ್ಲವೇ ಆರು ಗಂಟೆ ನಂತರ ಇರಲಿ.

72 ಗಂಟೆ ದಾಟಿಹೋಗಿದ್ದರೆ? ಪೆಪ್‌ನ ಸಮಯ ಮುಗಿದಂತೆಯೇ. ಆದರೂ ಎಆರ್‌ಟಿ ಸೆಂಟರ್‌ನ, ಅಂದರೆ ಎಚ್‌ಐವಿ ಚಿಕಿತ್ಸೆ ಕೊಡುವ ಕೇಂದ್ರದ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಈಗ ಒಂದು ಟೆಸ್ಟ್, ಆರು ವಾರಕ್ಕೊಂದು, ಮೂರು ತಿಂಗಳಿಗೊಂದು, ಆರು ತಿಂಗಳಿಗೊಂದು. ಮೊದಲ ಟೆಸ್ಟ್ ನೆಗೆಟಿವ್ ಬಂತು ಅಂದರೆ 'ಪಾರಾದೆ' ಎಂದಲ್ಲ, ಚುಚ್ಚುವ ಮೊದಲು ಅವಳಿಗೆ ಸೋಂಕು ಇರಲಿಲ್ಲ ಎಂದಷ್ಟೇ. ಇದನ್ನು ಅವಳಿಗೆ ಬಿಡಿಸಿ ಹೇಳಿ, ಯಾಕೆಂದರೆ ಮೂರನೇ ವರ್ಷದವರಿಗೂ ಇದು ತಿಳಿದಿರುವುದಿಲ್ಲ.

ಇನ್ನೊಂದು ವಿಷಯ ಎಲ್ಲರೂ ಮರೆಯುತ್ತಾರೆ. ಹೆಪಟೈಟಿಸ್ ಬಿ. ಅವಳಿಗೆ ಲಸಿಕೆ ಆಗಿಲ್ಲದಿದ್ದರೆ, ಆ ರೋಗಿಗೆ ಹೆಪಟೈಟಿಸ್ ಬಿ ಇದ್ದರೆ, ಲಸಿಕೆ ಜೊತೆ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಆಂಟಿಬಾಡಿಗಳ ಇಂಜೆಕ್ಷನ್) ಕೊಡಬೇಕು. 24 ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು, ಆದರೆ ಏಳು ದಿನದವರೆಗೂ ಕೊಡಬಹುದು. ಹಾಗಾಗಿ ಪೆಪ್ ತಪ್ಪಿದರೂ ಇದು ಇನ್ನೂ ತಪ್ಪಿಲ್ಲದಿರಬಹುದು. ಈ ಸಾಲು ಓದಿದ ತಕ್ಷಣ ಫೋನ್ ಮಾಡಿ.

ಅವಳಿಗೆ ಧೈರ್ಯ ಹೇಳೋಕೆ ಒಂದು ಲೆಕ್ಕ ಕೊಡುತ್ತೇನೆ. ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದರೆ ಸೋಂಕು ಹತ್ತುವ ಸಂಭವ ನೂರಕ್ಕೆ 0.3, ಅಂದರೆ ಸುಮಾರು 300 ಸಲಕ್ಕೆ ಒಂದು ಸಲ. ಇದೂ ಯಾವ ಮಾತ್ರೆಯನ್ನೂ ತೆಗೆದುಕೊಳ್ಳದಿದ್ದರೆ. ರಕ್ತ ಕಣ್ಣಿಗೋ ಬಾಯಿಗೋ ಸಿಡಿದರೆ ಅದಕ್ಕಿಂತ ಕಡಿಮೆ, 0.09. ಹೆಪಟೈಟಿಸ್ ಬಿ ಆದರೆ, ಲಸಿಕೆ ಇಲ್ಲದವರಿಗೆ, ನೂರಕ್ಕೆ 6ರಿಂದ 30. ನಿಮ್ಮ ಮಕ್ಕಳು ಯಾವುದಕ್ಕೆ ಹೆದರುತ್ತಿದ್ದಾರೆ, ಯಾವುದಕ್ಕೆ ಹೆದರಬೇಕಿತ್ತು, ನೋಡಿ.

ಈಗ ನಿಮ್ಮ ಪಾಠಕ್ಕೆ ಬರೋಣ. ನಿಮ್ಮ ಟೆಸ್ಟ್ ಪೇಪರ್ ನಾನು ನೋಡಿಲ್ಲ, ಆದರೂ ಊಹೆ ಮಾಡಬಲ್ಲೆ. ಎಚ್‌ಐವಿ ವಿಸ್ತರಿಸಿ ಬರೆಯಿರಿ. ಹರಡುವ ನಾಲ್ಕು ದಾರಿ ಯಾವುವು? ಸೊಳ್ಳೆ ಕಚ್ಚಿದರೆ ಬರುತ್ತದೆಯೇ? ಕೈಕುಲುಕಿದರೆ? ವಿಶ್ವ ಏಡ್ಸ್ ದಿನ ಯಾವಾಗ? ಸರಿ ತಾನೇ? ನಮ್ಮ ರಾಜ್ಯದ ನರ್ಸಿಂಗ್ ಕಾಲೇಜುಗಳಲ್ಲಿ ಇಂಥ ಪ್ರಶ್ನೆಪತ್ರಿಕೆ ಹಿಡಿದು ಮಾಡಿದ ಎಂಎಸ್ಸಿ ಪ್ರಬಂಧಗಳಿಗೆ ಲೆಕ್ಕವಿಲ್ಲ. ಪಾಠಕ್ಕೆ ಮೊದಲು ಒಂದು ಟೆಸ್ಟ್, ಪಾಠ ಆದ ಮೇಲೆ ಅದೇ ಟೆಸ್ಟ್, ಮಾರ್ಕ್ಸ್ ಜಾಸ್ತಿ ಆಯ್ತು, 'ಅರಿವು ಹೆಚ್ಚಿದೆ' ಅಂತ ತೀರ್ಮಾನ. ಹೆಚ್ಚಿರುವುದು ನಿಜವೇ. ಆದರೆ ಅಲ್ಲಿ ಅಳೆದಿದ್ದು ನೆನಪಿನ ಶಕ್ತಿಯನ್ನು. ಸೊಳ್ಳೆಯಿಂದ ಬರಲ್ಲ ಅಂತ ಹತ್ತನೇ ಕ್ಲಾಸಿನ ಹುಡುಗನಿಗೂ ಗೊತ್ತು. ನರ್ಸ್ ಆಗುವವಳಿಗೆ ಬೇಕಾಗಿರುವುದು ಬೇರೆ.

ಅವಳಿಗೆ ಕೇಳಬೇಕಾದ್ದು ಹೀಗೆ. ಜ್ವರದಿಂದ ಬೆವರಿ ಒದ್ದೆಯಾಗಿರುವ ರೋಗಿಗೆ ಬಿಪಿ ಪಟ್ಟಿ ಕಟ್ಟಬೇಕು, ಗ್ಲೌಸ್ ಬೇಕಾ? ಬೇಡ. ಬೆವರಿನಲ್ಲಿ, ಕಣ್ಣೀರಿನಲ್ಲಿ, ಎಂಜಲಿನಲ್ಲಿ, ಮೂತ್ರದಲ್ಲಿ, ವಾಂತಿಯಲ್ಲಿ, ರಕ್ತ ಕಾಣದಿದ್ದರೆ, ಎಚ್‌ಐವಿ ಹರಡುವುದಿಲ್ಲ. ಹಾಗಾದರೆ ವಾಂತಿ ಬಳಿಯೋವಾಗ ಗ್ಲೌಸ್ ಬೇಡವಾ? ಬೇಕು, ಆದರೆ ಎಚ್‌ಐವಿಗಾಗಿ ಅಲ್ಲ, ಬೇರೆ ನೂರಾರು ರೋಗಾಣುಗಳಿಗಾಗಿ. ಇದು ಪಕ್ಕದ ಬೆಡ್ಡಿನ ವಾಂತಿಗೂ ಅಷ್ಟೇ ಸತ್ಯ. ಈಗತಾನೇ ಹುಟ್ಟಿದ ಮಗುವನ್ನು ಒರೆಸಬೇಕು, ತಾಯಿಯ ರಿಪೋರ್ಟ್ ನೆಗೆಟಿವ್, ಗ್ಲೌಸ್ ಬೇಕಾ? ಬೇಕೇ ಬೇಕು, ಮಗುವಿನ ಮೈಮೇಲೆ ರಕ್ತ ಇದೆ, ಗರ್ಭದ ನೀರು ಇದೆ. ಈ ಪ್ರಶ್ನೆಗೆ ನಿಮ್ಮ ಮಕ್ಕಳಲ್ಲಿ ಎಷ್ಟು ಜನ ಸರಿ ಉತ್ತರ ಕೊಡುತ್ತಾರೆ ನೋಡಿ. 'ನೆಗೆಟಿವ್' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಗ್ಲೌಸ್ ಬೇಡ ಎನ್ನುತ್ತಾರೆ.

ತಪ್ಪಿರುವುದು ಇಲ್ಲೇ ಮೇಡಂ. ಭಯ ಇರುವುದು ತಪ್ಪಲ್ಲ, ಅದು ತಿರುಗಿರುವ ದಿಕ್ಕು ತಪ್ಪು.

ಆ 'ರೆಟ್ರೋ' ರೋಗಿಯನ್ನೇ ತೆಗೆದುಕೊಳ್ಳಿ. ಅವನ ಸ್ಥಿತಿ ಗೊತ್ತಿದೆ ಅಂದರೆ ಅವನು ಬಹುಶಃ ಎಆರ್‌ಟಿ ಮಾತ್ರೆ ನುಂಗುತ್ತಿದ್ದಾನೆ. 2004ರ ಏಪ್ರಿಲ್‌ನಿಂದ ಸರ್ಕಾರ ಈ ಮಾತ್ರೆಯನ್ನು ಉಚಿತವಾಗಿ ಕೊಡುತ್ತಿದೆ. 2017ರಿಂದ ಸಿಡಿ4 (ರೋಗನಿರೋಧಕ ಕಣಗಳ ಲೆಕ್ಕ) ಎಷ್ಟೇ ಇರಲಿ, ಪಾಸಿಟಿವ್ ಬಂದವರಿಗೆಲ್ಲ ಚಿಕಿತ್ಸೆ ಶುರು ಮಾಡುವ ನೀತಿ ಬಂದಿದೆ. ಮಾತ್ರೆ ಸರಿಯಾಗಿ ನುಂಗಿದರೆ ರಕ್ತದಲ್ಲಿ ವೈರಸ್ ಟೆಸ್ಟ್‌ಗೂ ಸಿಗದಷ್ಟು ಇಳಿಯುತ್ತದೆ. ಸಂಗಾತಿಗಳಿಬ್ಬರಲ್ಲಿ ಒಬ್ಬರಿಗೆ ಮಾತ್ರ ಎಚ್‌ಐವಿ ಇರುವಂಥ ಜೋಡಿಗಳನ್ನು ಯುರೋಪಿನ 'ಪಾರ್ಟ್ನರ್' ಎಂಬ ಅಧ್ಯಯನದಲ್ಲಿ ವರ್ಷಗಟ್ಟಲೆ ನೋಡಿದರು. 2016ರಲ್ಲಿ ಫಲಿತಾಂಶ ಬಂತು. ವೈರಸ್ ಹಾಗೆ ಇಳಿದಿದ್ದಾಗ, ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕದಲ್ಲೂ, ಸಂಗಾತಿಯಿಂದ ಸಂಗಾತಿಗೆ ಒಂದು ಸೋಂಕೂ ದಾಟಿರಲಿಲ್ಲ. ಗಂಡಸರು ಗಂಡಸರ ಜೋಡಿಗಳ ಮೇಲಿನ ಎರಡನೇ ಸುತ್ತು 2019ರಲ್ಲಿ ಬಂತು, ಅದರಲ್ಲೂ ಸೊನ್ನೆ. ಸೂಜಿ ಚುಚ್ಚಿದರೆ ಪೆಪ್ ಬೇಡ ಎಂದು ಇದರ ಅರ್ಥವಲ್ಲ, ಅಲ್ಲಿ ಎಚ್ಚರಿಕೆಗೆ ಮಾತ್ರೆ ಕೊಟ್ಟೇ ಕೊಡುತ್ತಾರೆ. ಆದರೆ ಅಂಥವನ ತೋಳಿಗೆ ಪಟ್ಟಿ ಕಟ್ಟೋಕೆ ಎರಡು ಜೊತೆ ಗ್ಲೌಸ್ ಯಾಕೆ?

ಇನ್ನು ಪಕ್ಕದ ಬೆಡ್‌ನಲ್ಲಿರುವವನು. ಅವನಿಗೆ ಏನಿದೆ ಎಂದು ಯಾರಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಟೆಸ್ಟ್ ಮಾಡಿಸಿ ನೆಗೆಟಿವ್ ಬಂದಿದ್ದರೂ ಸೋಂಕು ಹತ್ತಿದ ಮೊದಲ ಕೆಲವು ವಾರ ಟೆಸ್ಟ್‌ನಲ್ಲಿ ಕಾಣಿಸುವುದಿಲ್ಲ, ರಕ್ತದಲ್ಲಿ ವೈರಸ್ ತುಂಬಿ ತುಳುಕುವುದೂ ಅದೇ ಸಮಯದಲ್ಲಿ. ಅವನಿಗೆ ನಿಮ್ಮ ಹುಡುಗಿ ಬರಿಗೈಯಲ್ಲಿ ಕ್ಯಾನುಲಾ ಹಾಕುತ್ತಾಳೆ, ಸ್ಟೈಲೆಟ್ ಅನ್ನು, ಅಂದರೆ ಕ್ಯಾನುಲಾದೊಳಗಿನ ಸೂಜಿಯನ್ನು, ಹಾಸಿಗೆ ಮೇಲೆ ಇಟ್ಟು ಪ್ಲಾಸ್ಟರ್ ಹುಡುಕುತ್ತಾಳೆ. ನಿಮ್ಮಲ್ಲಿ ಸೂಜಿ ಚುಚ್ಚಿದ್ದೂ 'ಬೇರೆ ಯಾವುದೋ ರೋಗಿ'ಯದ್ದೇ ಅಲ್ವಾ? ಅದು ಕಾಕತಾಳೀಯ ಅಲ್ಲ. ಹುಷಾರಾಗಿರುವ ಕಡೆ ಯಾರೂ ಚುಚ್ಚಿಸಿಕೊಳ್ಳುವುದಿಲ್ಲ, ಎಚ್ಚರ ತಪ್ಪುವ ಕಡೆಯೇ ಚುಚ್ಚುತ್ತದೆ.

ಅದಕ್ಕೇ 1980ರ ದಶಕದ ಕೊನೆಯಲ್ಲೇ ಯೂನಿವರ್ಸಲ್ ಪ್ರಿಕಾಷನ್ಸ್ ಬಂತು, ಈಗ ಅದನ್ನೇ ವಿಸ್ತರಿಸಿ ಸ್ಟ್ಯಾಂಡರ್ಡ್ ಪ್ರಿಕಾಷನ್ಸ್ ಎನ್ನುತ್ತೇವೆ. ಮಕ್ಕಳು ಇದಕ್ಕೆ ಎಂಟು ಪಾಯಿಂಟ್ ಬರೆಯುತ್ತಾರೆ. ಅದರ ತಿರುಳು ಒಂದೇ: ರೋಗಿಯನ್ನು ನೋಡಿ ಗ್ಲೌಸ್ ಹಾಕಬೇಡಿ, ಮಾಡುವ ಕೆಲಸ ನೋಡಿ ಹಾಕಿ. ರಕ್ತವೋ ವಾಂತಿಯಂಥದ್ದೋ ಕೈಗೆ ತಗಲುವ ಕೆಲಸವೋ, ಎಲ್ಲರಿಗೂ ಗ್ಲೌಸ್. ತಗಲದ ಕೆಲಸವೋ, ಯಾರಿಗೂ ಬೇಡ.

ಆ ರೋಗಿಯ ಕಡೆಯಿಂದಲೂ ಒಮ್ಮೆ ನೋಡಿ. ಬೆಳಗ್ಗೆ ಹತ್ತು ಬೆಡ್‌ಗಳಿಗೂ ಬಿಪಿ ನೋಡುತ್ತಾ ಬಂದ ಹುಡುಗಿ ತನ್ನ ಹತ್ತಿರ ಬಂದಾಗ ಮಾತ್ರ ನಿಂತು, ತಿರುಗಿ ಹೋಗಿ, ಗ್ಲೌಸ್ ಹಾಕಿಕೊಂಡು ಬರುತ್ತಾಳೆ. ಪಕ್ಕದ ರೋಗಿ, ಅವನ ಕಡೆಯವರು, ಊಟ ತರುವ ಅಜ್ಜಿ, ಎಲ್ಲರೂ ಅದನ್ನು ನೋಡುತ್ತಾರೆ. ಬಾಯಿಬಿಟ್ಟು ಹೇಳದೆಯೇ ಇಡೀ ವಾರ್ಡಿಗೆ ಗೊತ್ತಾಯಿತು. ಕೇಸ್ ಶೀಟ್ ಮೇಲೆ ಕೆಂಪು ಶಾಯಿಯಲ್ಲಿ ಬರೆಯುವುದು, ಮಂಚಕ್ಕೆ ಸ್ಟಿಕ್ಕರ್ ಅಂಟಿಸುವುದು, 'ಆರ್‌ವಿಡಿ' (ಎಚ್‌ಐವಿಗೆ ಇನ್ನೊಂದು ಸಂಕೇತ) ಅಂತ ಕೂಗಿ ಹೇಳುವುದು, ಇವೂ ಅಷ್ಟೇ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ತಿಳಿಸುವಂತಿಲ್ಲ, ಆ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಬಿಪಿ ನೋಡದೆ ಹೋಗುವುದೂ ನಿರಾಕರಣೆಯೇ.

ಆದರೆ ಮಕ್ಕಳನ್ನೇ ಬೈದು ಪ್ರಯೋಜನ ಇಲ್ಲ. ಎರಡು ಗ್ಲೌಸ್ ಪಾಠವನ್ನು ಅವರು ನಿಮ್ಮ ಕ್ಲಾಸಿನಲ್ಲಿ ಕಲಿತಿಲ್ಲ, ವಾರ್ಡಿನಲ್ಲಿ ಕಲಿತಿದ್ದಾರೆ. ಸೀನಿಯರ್ ಸಿಸ್ಟರ್ ಒಬ್ಬರು ಪಿಸುದನಿಯಲ್ಲಿ 'ಆ ಬೆಡ್ ಹತ್ತಿರ ಹುಷಾರಮ್ಮಾ' ಎಂದರೆ ಸಾಕು, ನಿಮ್ಮ ನಲವತ್ತು ಸ್ಲೈಡ್ ಅಲ್ಲಿಗೆ ಮುಗಿಯಿತು. ಕೆಲವು ಕಡೆ ಡಾಕ್ಟರುಗಳೇ ರೌಂಡ್ಸ್‌ನಲ್ಲಿ ಅಂಥ ರೋಗಿಯನ್ನು ದೂರದಿಂದ ಮಾತಾಡಿಸಿ ಹೋಗುತ್ತಾರೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಹಾಗಾಗಿ ಮುಂದಿನ ಬ್ಯಾಚ್ ಪೋಸ್ಟಿಂಗ್‌ಗೆ ಹೋದಾಗ ಮೊದಲ ದಿನ ನೀವೇ ಹೋಗಿ. ಆ ರೋಗಿಯ ಮಂಚದ ಪಕ್ಕ ನಿಂತು, ಬರಿಗೈಯಲ್ಲಿ ನಾಡಿ ಹಿಡಿದು, ಬಿಪಿ ನೋಡಿ, ಊಟ ಆಯ್ತಾ ಅಂತ ಕೇಳಿ. ಮಕ್ಕಳು ಸುತ್ತ ನಿಂತಿರಲಿ. ಏನೂ ವಿವರಿಸಬೇಡಿ. ಅವರಿಗೆ ಅರ್ಥವಾಗುತ್ತದೆ.

ಇತಿಹಾಸದ ಒಂದು ವಿಷಯವನ್ನೂ ಹೇಳಿ, ಮಕ್ಕಳಿಗೆ ಇಷ್ಟವಾಗುತ್ತದೆ. ಭಾರತದಲ್ಲಿ ಎಚ್‌ಐವಿ ಇದೆ ಎಂದು ಮೊದಲು ಕಂಡುಹಿಡಿದದ್ದರಲ್ಲಿ ಒಬ್ಬ ವಿದ್ಯಾರ್ಥಿನಿಯ ಕೈ ಇತ್ತು. 1986ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಓದುತ್ತಿದ್ದ ಸೆಲ್ಲಪ್ಪನ್ ನಿರ್ಮಲಾ ತಮ್ಮ ಪ್ರಬಂಧಕ್ಕಾಗಿ, ಪ್ರೊಫೆಸರ್ ಸುನಿತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ, ಲೈಂಗಿಕ ಕಾರ್ಯಕರ್ತೆಯರ ರಕ್ತ ಸಂಗ್ರಹಿಸಿದರು. ಅವರ ಹತ್ತಿರ ಗ್ಲೌಸ್ ಕೂಡ ಇರಲಿಲ್ಲ. ಮದ್ರಾಸಿನಲ್ಲಿ ಟೆಸ್ಟ್ ಸೌಲಭ್ಯ ಇಲ್ಲದೆ ವೆಲ್ಲೂರಿನ ಸಿಎಂಸಿಗೆ ಸ್ಯಾಂಪಲ್ ಒಯ್ದರು, ಅಲ್ಲಿ ಆರು ಪಾಸಿಟಿವ್ ಬಂತು. ಈ ರೋಗ ನಮ್ಮ ದೇಶಕ್ಕೆ ಬರೋದೇ ಇಲ್ಲ ಎಂದು ದೊಡ್ಡವರೆಲ್ಲ ನಂಬಿದ್ದ ಕಾಲ ಅದು.

ಸರಿ, ಸೂಜಿಗೆ ವಾಪಸ್ ಬರೋಣ, ಯಾಕೆಂದರೆ ನಿಮ್ಮ ಪತ್ರದಲ್ಲಿ ನನಗೆ ತುಂಬಾ ಚಿಂತೆ ತಂದದ್ದು ಆ ಎರಡು ದಿನದ ಮೌನ. ಆ ಹುಡುಗಿ ಯಾಕೆ ಹೇಳಲಿಲ್ಲ? ಬೈಯುತ್ತಾರೆ ಎಂದಿರಬಹುದು. ರೀಕ್ಯಾಪ್ ಮಾಡಿದ್ದಕ್ಕೆ, ಅಂದರೆ ಸೂಜಿಗೆ ಮುಚ್ಚಳ ವಾಪಸ್ ಹಾಕಿದ್ದಕ್ಕೆ, ಚುಚ್ಚಿದ್ದು ಎಂದು ಗೊತ್ತಾಗುತ್ತದೆ ಎಂದಿರಬಹುದು. ಮನೆಗೆ ಫೋನ್ ಹೋಗುತ್ತದೆ, ಅಪ್ಪ ಕಾಲೇಜು ಬಿಡಿಸುತ್ತಾರೆ, ನಾಳೆ ಮದುವೆ ಮಾತು ಬಂದಾಗ 'ಅವಳಿಗೆ ಎಚ್‌ಐವಿ ಟೆಸ್ಟ್ ಮಾಡಿಸಿದ್ದರಂತೆ' ಎಂಬ ಸುದ್ದಿ ಊರು ಸುತ್ತುತ್ತದೆ. ಹತ್ತೊಂಬತ್ತು ವರ್ಷದ ಹುಡುಗಿಯ ತಲೆಯಲ್ಲಿ ಇವೆಲ್ಲ ಓಡುತ್ತಿರುವಾಗ 72 ಗಂಟೆ ನೆನಪಾಗುತ್ತದಾ? ಅಥವಾ ಪೆಪ್ ಎಂಬುದು ಇದೆ ಎಂದೇ ಅವಳಿಗೆ ಗೊತ್ತಿರಲಿಲ್ಲವೋ ಏನೋ. ಪ್ರತಿ ಡಿಸೆಂಬರ್ ಒಂದಕ್ಕೆ ಕೆಂಪು ರಿಬ್ಬನ್ ರಂಗೋಲಿ ಹಾಕಿ ಜಾಥಾ ಮಾಡಿದ ಮಕ್ಕಳಿಗೇ, ಚುಚ್ಚಿದರೆ ಯಾವ ರೂಮಿಗೆ ಓಡಬೇಕು ಎಂದು ಗೊತ್ತಿಲ್ಲದಿರುವುದು ನಮ್ಮಲ್ಲಿ ಅಪರೂಪವೇನಲ್ಲ.

ಹಾಗಾಗಿ ನಿಮ್ಮ ಪಾಠ ವೈರಸ್‌ನ ಚಿತ್ರದಿಂದ ಶುರುವಾಗುವುದು ಬೇಡ. ಚುಚ್ಚಿದ ಕ್ಷಣದಿಂದ ಶುರು ಮಾಡಿ. ಚುಚ್ಚಿತು, ಈಗೇನು? ಸೋಪು ನೀರಿನಲ್ಲಿ ಆ ಜಾಗ ತೊಳೆಯಿರಿ. ಹಿಂಡಬೇಡಿ. ಬಾಯಿಗೆ ಹಾಕಿ ಚೀಪಬೇಡಿ, ಅಭ್ಯಾಸಬಲದಿಂದ ಬೆರಳು ಬಾಯಿಗೆ ಹೋಗಿಯೇ ಹೋಗುತ್ತದೆ. ಸ್ಪಿರಿಟ್, ಬೆಟಾಡಿನ್, ಬ್ಲೀಚ್ ಏನೂ ಸುರಿಯಬೇಡಿ. ಕಣ್ಣಿಗೆ ಸಿಡಿದರೆ ಉಜ್ಜದೆ ನೀರು ಅಥವಾ ಸಲೈನ್ ಬಿಟ್ಟು ತೊಳೆಯಿರಿ. ಕೂಡಲೇ ಇನ್‌ಚಾರ್ಜ್‌ಗೆ ಹೇಳಿ. ರಾತ್ರಿ ಎರಡು ಗಂಟೆ ಆಗಿದ್ದರೂ ಕ್ಯಾಶುವಾಲ್ಟಿಗೆ ಹೋಗಿ, ಮೊದಲ ಮಾತ್ರೆ ನುಂಗಿ, ರಿಪೋರ್ಟ್ ಆಮೇಲೆ. ರೋಗಿಯ ರಕ್ತವನ್ನು ಅವರ ಒಪ್ಪಿಗೆ ಪಡೆದು ಟೆಸ್ಟ್ ಮಾಡಿಸಬಹುದು, ನೆಗೆಟಿವ್ ಎಂದು ಡಾಕ್ಟರಿಗೆ ಖಾತ್ರಿಯಾದರೆ ಮಾತ್ರೆ ನಿಲ್ಲಿಸಿದರಾಯಿತು. ಆ ರಿಪೋರ್ಟಿಗಾಗಿ ಕಾಯುತ್ತಾ ಕೂರಬಾರದು. ಈ ಮಾತ್ರೆ ಎಷ್ಟು ಕೆಲಸ ಮಾಡುತ್ತದೆ ಎಂದು ಮಕ್ಕಳು ಕೇಳುತ್ತಾರೆ. 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಗಿನ ಹಳೆಯ ಜಿಡೊವುಡಿನ್ ಒಂದನ್ನೇ ತೆಗೆದುಕೊಂಡ ಆಸ್ಪತ್ರೆ ಸಿಬ್ಬಂದಿಯಲ್ಲಿ ಅಪಾಯ ನೂರಕ್ಕೆ 81ರಷ್ಟು ಇಳಿದಿತ್ತು. ಈಗಿನವು ಅದಕ್ಕಿಂತ ಒಳ್ಳೆಯವು.

ಪೋಸ್ಟಿಂಗ್ ಶುರುವಾಗುವ ಮೊದಲು ಒಂದು ಕೆಲಸ ಮಾಡಿ. ನೀವೇ ಆಸ್ಪತ್ರೆಗೆ ಹೋಗಿ ಪೆಪ್ ಮಾತ್ರೆ ಎಲ್ಲಿದೆ, ರಾತ್ರಿ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಎಕ್ಸ್‌ಪೈರಿ ಆಗಿದೆಯಾ ಎಂದು ಕಣ್ಣಾರೆ ನೋಡಿ ಬನ್ನಿ. ಬೀರುವಿನಲ್ಲಿ ಮಾತ್ರೆ ಇದ್ದೂ ಬೀಗದ ಕೈ ಮನೆಗೆ ಹೋಗಿದ್ದರೆ ಪಾಠ ಮಾಡಿ ಏನು ಬಂತು? ಆಮೇಲೆ ಮಕ್ಕಳಿಂದ ಒಂದು ಅಣಕು ಓಟ ಮಾಡಿಸಿ: 'ನಿನಗೀಗ ಚುಚ್ಚಿತು' ಎಂದು ಒಬ್ಬಳಿಗೆ ಹೇಳಿ, ಅವಳು ಮಾತ್ರೆ ಇರುವ ಜಾಗಕ್ಕೆ ಹೋಗಿ ಮುಟ್ಟಿ ಬರಲಿ. ನಿಮ್ಮ ಫೋನ್ ನಂಬರ್ ಕೊಟ್ಟು, ಚುಚ್ಚಿದ್ದಕ್ಕೆ ಬೈಗುಳ ಇಲ್ಲ, ಮನೆಗೆ ಫೋನ್ ಇಲ್ಲ, ಸ್ಟಾಫ್ ರೂಮಿನಲ್ಲಿ ಚರ್ಚೆ ಇಲ್ಲ ಎಂದು ಮಾತು ಕೊಡಿ. ಕೊಟ್ಟ ಮಾತು ಒಂದು ಸಲ ತಪ್ಪಿದರೂ ಸಾಕು, ಮುಂದಿನ ಮೂರು ಬ್ಯಾಚ್ ನಿಮ್ಮನ್ನು ನಂಬುವುದಿಲ್ಲ.

ಚುಚ್ಚದಂತೆ ನೋಡಿಕೊಳ್ಳುವುದು ಹೇಗೆ ಎಂಬುದು ನಿಮಗೆ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. ಸೂಜಿಗೆ ಮುಚ್ಚಳ ವಾಪಸ್ ಹಾಕಬಾರದು. ಸೂಜಿ ಕತ್ತರಿಸುವ ಹಬ್ ಕಟ್ಟರ್ ರೋಗಿಯ ಹತ್ತಿರ ಬರಬೇಕು, ಸೂಜಿ ಹಿಡಿದುಕೊಂಡು ನರ್ಸ್ ವಾರ್ಡಿನ ಆ ಮೂಲೆಗೆ ನಡೆಯಬಾರದು. ಸೂಜಿಗಳಿಗೆ ಬಿಳಿ ಡಬ್ಬ, ಮುಕ್ಕಾಲು ತುಂಬಿದರೆ ಬದಲಾಯಿಸಿ. ನೈಟ್ ಡ್ಯೂಟಿಯ ಕೊನೆಯಲ್ಲಿ, ನಿದ್ದೆಗಣ್ಣಿನಲ್ಲಿ ಆತುರಪಡುವಾಗ ಜಾಸ್ತಿ ಹುಷಾರು.

ಇನ್ನೊಂದು ಸಲಹೆ. ನಿಮ್ಮ ಜಿಲ್ಲೆಯ ಐಸಿಟಿಸಿ (ಎಚ್‌ಐವಿ ಟೆಸ್ಟ್ ಮತ್ತು ಕೌನ್ಸೆಲಿಂಗ್ ಕೇಂದ್ರ) ಕೌನ್ಸೆಲರ್ ಅನ್ನು ಒಂದು ಕ್ಲಾಸಿಗೆ ಕರೆಯಿರಿ. ಸಾಧ್ಯವಾದರೆ ಎಚ್‌ಐವಿ ಜೊತೆ ಬದುಕುತ್ತಿರುವ, ಸ್ವತಃ ಮಾತಾಡಲು ಮುಂದೆ ಬರುವ ಒಬ್ಬರನ್ನೂ ಕರೆಯಿರಿ. ಪಾಸಿಟಿವ್ ಜನರ ಸಂಘಗಳು ಹಲವು ಜಿಲ್ಲೆಗಳಲ್ಲಿವೆ. ಪ್ರಯಾಣದ ಖರ್ಚು, ಗೌರವಧನ ಕೊಟ್ಟು ಕರೆಯಿರಿ, ಸುಮ್ನೆ ಬಂದು ಕಣ್ಣೀರು ಹಾಕಿ ಹೋಗಲಿ ಅಂತ ಅಲ್ಲ. ಹದಿನೈದು ವರ್ಷದಿಂದ ಮಾತ್ರೆ ನುಂಗುತ್ತಾ ಹೊಲ ಮಾಡಿಕೊಂಡು, ಮಕ್ಕಳನ್ನು ನೆಗೆಟಿವ್ ಆಗಿ ಹೆತ್ತು ಓದಿಸುತ್ತಿರುವ ತಾಯಿಯೊಬ್ಬಳು ಎದುರು ಕೂತು, ಆಸ್ಪತ್ರೆಯಲ್ಲಿ ತನ್ನನ್ನು ಯಾರು ಹೇಗೆ ನಡೆಸಿಕೊಂಡರು ಎಂದು ಹೇಳಿದರೆ, ಅದು ಮಕ್ಕಳಿಗೆ ತಾಗುವ ರೀತಿ ಬೇರೆ. ನಿಮ್ಮ ಭಾಗದಲ್ಲಿ ಇಂಥವರು ಅಪರೂಪವಲ್ಲ. ಬಾಗಲಕೋಟೆ, ಬೆಳಗಾವಿ, ವಿಜಯಪುರ ಒಂದು ಕಾಲಕ್ಕೆ ರಾಜ್ಯದಲ್ಲೇ ಸೋಂಕು ಹೆಚ್ಚಿದ್ದ ಜಿಲ್ಲೆಗಳು. ನಿಮ್ಮ ಕ್ಲಾಸಿನಲ್ಲೇ ಅಪ್ಪನನ್ನೋ ಅಮ್ಮನನ್ನೋ ಹೀಗೆ ಕಳೆದುಕೊಂಡ ಹುಡುಗಿ ಇರಬಹುದು, ತಾನೇ ಮಾತ್ರೆ ನುಂಗುತ್ತಿರುವ ಹುಡುಗಿಯೂ ಇರಬಹುದು. ಪಾಠ ಮಾಡುವಾಗ 'ಅವರು', 'ಅಂಥವರು' ಎನ್ನುವ ಮೊದಲು ಇದನ್ನು ನೆನಪಿಡಿ.

ಇದರಲ್ಲೇ ಮ್ಯಾನೇಜ್‌ಮೆಂಟ್ ಪ್ರಶ್ನೆಗೂ ಉತ್ತರ ಇದೆ. ಎಲ್ಲ ವಿದ್ಯಾರ್ಥಿಗಳಿಗೂ ಎಚ್‌ಐವಿ ಟೆಸ್ಟ್ ಮಾಡಿಸುವಂತಿಲ್ಲ. ನಾನು ಬೇಡ ಎನ್ನುವುದಲ್ಲ, ಕಾನೂನೇ ಬೇಡ ಎನ್ನುತ್ತದೆ. ಓದಲು ಸೇರಿಸಿಕೊಳ್ಳುವುದಕ್ಕೋ ಓದು ಮುಂದುವರಿಸುವುದಕ್ಕೋ ಎಚ್‌ಐವಿ ಟೆಸ್ಟ್ ಅನ್ನು ಷರತ್ತು ಮಾಡುವುದು ಅದೇ 2017ರ ಕಾಯ್ದೆಯ ಪ್ರಕಾರ ತಾರತಮ್ಯ. ಟೆಸ್ಟ್ ಏನಿದ್ದರೂ ವ್ಯಕ್ತಿಯ ಒಪ್ಪಿಗೆಯಿಂದ, ಕೌನ್ಸೆಲಿಂಗ್ ಜೊತೆಗೆ. ಬದಲಿಗೆ ಅದೇ ಕಾಯ್ದೆ ಆಸ್ಪತ್ರೆಗಳ ಮೇಲೆ ಒಂದು ಹೊಣೆ ಹೊರಿಸಿದೆ: ರಕ್ತ ತಗಲುವ ಕೆಲಸ ಮಾಡುವವರಿಗೆ ಗ್ಲೌಸ್ ಮುಂತಾದ ರಕ್ಷಣೆ, ತರಬೇತಿ, ಚುಚ್ಚಿದರೆ ಪೆಪ್, ಇಷ್ಟನ್ನೂ ಒದಗಿಸಬೇಕು. ಇದನ್ನು ನಿಮ್ಮ ಮ್ಯಾನೇಜ್‌ಮೆಂಟ್‌ಗೆ ತೋರಿಸಿ.

ಟೆಸ್ಟ್‌ಗೆಂದು ದುಡ್ಡು ಎತ್ತಿಟ್ಟಿದ್ದರೆ ಅದನ್ನು ಹೆಪಟೈಟಿಸ್ ಬಿ ಲಸಿಕೆಗೆ ಹಾಕಲಿ. ಮೂರು ಡೋಸ್: ಈಗ ಒಂದು, ಒಂದು ತಿಂಗಳಿಗೆ ಇನ್ನೊಂದು, ಆರು ತಿಂಗಳಿಗೆ ಮೂರನೆಯದು. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆಂಟಿಬಾಡಿ ಟೆಸ್ಟ್ ಮಾಡಿಸಿ, 10 ಯೂನಿಟ್‌ಗಿಂತ (mIU/ml) ಕಡಿಮೆ ಬಂದವರಿಗೆ ಮತ್ತೆ ಲಸಿಕೆ ಕೊಡಿಸಿ. ಮೊದಲ ವರ್ಷ ಸೇರಿದ ತಿಂಗಳಲ್ಲೇ ಶುರು ಮಾಡಿದರೆ ಎರಡನೇ ವರ್ಷದ ಪೋಸ್ಟಿಂಗ್ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಆ ಹುಡುಗಿಯನ್ನು ಎಆರ್‌ಟಿ ಸೆಂಟರ್‌ಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲಿ ಏನಾದರೂ ಸಂಶಯ ಬಂದರೆ 1097ಕ್ಕೆ ಫೋನ್ ಮಾಡಿ, ಏಡ್ಸ್ ಸಹಾಯವಾಣಿ, ದುಡ್ಡು ಹೋಗುವುದಿಲ್ಲ.